ಪಾಲು ಕೂಗುವವನ ಹೆಸರು

ದೋಣಿ ದಡ ಮುಟ್ಟಿದ ಮೇಲೆ ಮೀನು ಹಿಡಿದವನದಲ್ಲ, ಊರಿನದು. ಟೋಕೆಲಾವಿನ ಹವಳದ್ವೀಪಗಳಲ್ಲಿ ಇದಕ್ಕೆ ಇನಾತಿ ಎನ್ನುತ್ತಾರೆ. ಗಾಳ ಎಳೆದು ಅಂಗೈ ಕೊಯ್ದುಕೊಂಡವನಿಗೂ, ಚಾಪೆಯ ಮೇಲೆ ಕೆಮ್ಮುತ್ತ ಕೂತ ಮುದುಕಿಗೂ, ನಿನ್ನೆ ಹುಟ್ಟಿ ಇನ್ನೂ ಸರಿಯಾಗಿ ಕಣ್ಣು ಬಿಡದ ಕೂಸಿಗೂ ಒಂದೇ ಅಳತೆಯ ಪಾಲು. ಕೂಸು ಮೀನು ತಿನ್ನುವುದಿಲ್ಲವಲ್ಲ ಎಂದು ಯಾರೂ ಕೇಳುವುದಿಲ್ಲ. ಬಾಯಿ ಇದ್ದ ಮೇಲೆ ಪಾಲು ಇದೆ. ದೇವರು ಬಾಯಿ ಕೊಡುವಾಗ ಹಲ್ಲು ಎಣಿಸಿ ಕೊಡುವುದಿಲ್ಲ.

ಆ ಪಾಲು ಹಾಕಿ ಕೂಗುವ ಕೆಲಸ ಪೆಲೆನಾತೊನದು. ಹಿರಿಯರ ಸಭೆ ಅವನಿಗೆ ಅದನ್ನು ಒಪ್ಪಿಸಿ ಇಪ್ಪತ್ತೆರಡು ವರ್ಷವಾಗಿತ್ತು. ಒಳಗಡಲಿನ ದಂಡೆಯಲ್ಲಿ, ಹಳೆಯ ಕನವಾ ಮರದ ನೆರಳಿಗೆ ಮೀನು ಸುರಿದರೆ ಅವನು ಮೊದಲು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ರಾಶಿಯನ್ನು ಒಂದು ಸಲ ಸುಮ್ಮನೆ ನೋಡುವನು. ನೋಡಿದಷ್ಟರಲ್ಲೇ ಇಂದು ಬಾಯಿಗೊಂದೋ, ಇಬ್ಬರಿಗೊಂದೋ ಎಂದು ತಿಳಿದುಬಿಡುತ್ತಿತ್ತು. ಕಾಗದವಿಲ್ಲ, ಗೀಟಿಲ್ಲ. ಊರಿನಲ್ಲಿ ಮುನ್ನೂರ ಎಪ್ಪತ್ತೊಂದು ಬಾಯಿ. ಅಷ್ಟೂ ಅವನ ನಾಲಿಗೆಯ ಮೇಲೆ. "ಲೊಹಾಳ ಮನೆ, ನಾಲ್ಕು" ಎಂದು ಅವನು ಕೂಗಿದರೆ ಮುದುಕಿ ಲೊಹಾ ತೆಂಗಿನ ಗರಿಯ ಬುಟ್ಟಿ ಹಿಡಿದು ಎದ್ದು ಬರುವಳು. ಒಂದೊಂದೇ ಮನೆ ಹೀಗೆ ಎದ್ದು, ತುಂಬಿಕೊಂಡು ಹೋಗುವುದು. ಎಲ್ಲರದೂ ಮುಗಿದ ಮೇಲೆ ಮರಳಲ್ಲಿ ಉಳಿದದ್ದನ್ನು ಅವನು ಎತ್ತಿಕೊಳ್ಳುವನು. ಒಂದೊಂದು ದಿನ ಏನೂ ಉಳಿಯುತ್ತಿರಲಿಲ್ಲ. ಬರಿಗೈಯಲ್ಲಿ ಮನೆಗೆ ಹೋಗುವ ಆ ದಿನಗಳಲ್ಲಿ ಅವನ ನಡಿಗೆಗೆ ಒಂದು ಗತ್ತು ಇರುತ್ತಿತ್ತು. ಅದನ್ನು ಅವನು ಪಾದ್ರಿಯ ಮುಂದೆ ಪಾಪವೆಂದು ಹೇಳಿಕೊಂಡೂ ಇದ್ದ.

ಮೂರು ವರ್ಷದ ಹಿಂದೆ ಒಂದು ಹಡಗು ಸಮುದ್ರದ ತಳದಲ್ಲಿ ಬೆರಳು ದಪ್ಪದ ಇಂಟರ್ನೆಟ್ ಹುರಿಯೊಂದನ್ನು ಹಾಸುತ್ತ ಬಂದು ಹೋಯಿತು. ಅದರ ಹಿಂದೆಯೇ ಸರ್ಕಾರದ ಯೋಜನೆ ಬಂತು. ದೇಶದ ಪ್ರತಿಯೊಬ್ಬರ ಹೆಸರೂ ಒಂದು ದಾಖಲೆಯಲ್ಲಿ ಸೇರಬೇಕು. ಸೇರಿದವರಿಗೆ ತಿಂಗಳಿಗೆ ಇಷ್ಟು ಎಂದು ಇಂಟರ್ನೆಟ್ ಉಚಿತ. ಡಾಕ್ಟರಿಗೆ ಪರದೆಯ ಮೇಲೆ ತೋರಿಸಿಕೊಳ್ಳಬಹುದು, ಹಡಗಿನಲ್ಲಿ ಜಾಗ ಹಿಡಿಯಬಹುದು, ಹುಟ್ಟಿದ ಕಾಗದ ಪಡೆಯಬಹುದು. ಯೋಜನೆಯ ಅಧಿಕಾರಿ ಸಭೆಯ ಮುಂದೆ ಕೂತು, ಮನೆಗೊಂದರಂತೆ ಕೊಡೋಣವೋ ಫೋನಿಗೊಂದರಂತೆ ಕೊಡೋಣವೋ ಎಂದು ಕೇಳಿದ. ಸಭೆಯ ಹಿರಿಯ ಪೆತೆಲೊ ಕಣ್ಣು ಮುಚ್ಚಿಯೇ ಉತ್ತರ ಕೊಟ್ಟ.

"ದ್ವೀಪಕ್ಕೆ ಬಂದದ್ದು ಏನೇ ಇರ್ಲಿ, ಅದಕ್ಕೆ ಇನಾತಿ. ಬಾಯಿಗೆ ಒಂದು ಪಾಲು."

"ಮೊಲೆ ಕುಡಿಯೋ ಮಗುಗೂ ಇಂಟರ್ನೆಟ್ಟಾ?"

"ಮಗುಗೂ. ಬೇಕಾದಷ್ಟು ಅಳುತ್ತೆ, ಆದ್ರೂ ಅದು ಊರಿನ ಬಾಯಿ."

ಹೊರಗೆ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ ಪೆಲೆನಾತೊನ ಎದೆ ಅರಳಿತು. ಇನಾತಿ ಎಂದ ಮೇಲೆ ಕರೆಯುವುದು ತನ್ನನ್ನೇ ಎಂದು ಅವನು ಅಂಗಿಯ ಗುಂಡಿ ಹಾಕಿಕೊಂಡ. ಸಭೆ ಕರೆದದ್ದು ಇನೆಲಿಯೊನನ್ನು.

ಇನೆಲಿಯೊ ಪೆಲೆನಾತೊನ ಓರಗೆಯವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಒಬ್ಬನೇ ಇದ್ದ. ಹಡಗು ಹತ್ತಿ ಆಪಿಯಾ ಪಟ್ಟಣಕ್ಕೆ ಹೋಗಿ ಆರು ವಾರ ಕಂಪ್ಯೂಟರ್ ಯಂತ್ರದ ಕೆಲಸ ಕಲಿತು ಬಂದಿದ್ದ. ಸಹಕಾರಿ ಅಂಗಡಿಯ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಕೋಣೆ ಎದ್ದಿತು, ಒಳಗೆ ಮೇಜು, ಕುರ್ಚಿ, ತಣ್ಣನೆ ಗಾಳಿ ಬಿಡುವ ಪೆಟ್ಟಿಗೆ. ಅದರ ಬೀಗದ ಕೈ ಇನೆಲಿಯೊನ ಕುತ್ತಿಗೆಗೆ ಬಿತ್ತು. ಶಿಲುಬೆಯ ಪಕ್ಕದಲ್ಲೇ ಅದು ತೂಗುತ್ತಿತ್ತು. ಪೆಲೆನಾತೊನಿಗೆ ಪ್ರತಿ ಭಾನುವಾರ ಪೂಜೆಯ ನಡುವೆ ಆ ಬೀಗದ ಕೈಯೇ ಕಣ್ಣಿಗೆ ಬೀಳುತ್ತಿತ್ತು.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತೇನೋ. ಆದರೆ ಇನೆಲಿಯೊ ಕನವಾ ಮರದ ಬುಡಕ್ಕೂ ಬಂದ. ಮೀನಿನ ಪಾಲು ನಡೆಯುವಾಗಲೆಲ್ಲ ಒಂದು ನೋಟುಬುಕ್ಕು ಹಿಡಿದು ಬೇರಿನ ಮೇಲೆ ಕೂತು, ಪೆಲೆನಾತೊ ಕೂಗಿದ್ದನ್ನು ಗೀಚಿಕೊಳ್ಳುತ್ತಿದ್ದ. ಒಂದು ಸಲವಲ್ಲ, ಹನ್ನೊಂದು ಸಲ.

"ಏನೋ ಬರೀತಾನಲ್ಲ, ನಿನ್ನ ಜೀವನ ಚರಿತ್ರೆನಾ?" ಎಂದು ಬಲೆ ಹೊಲಿಯುವ ಹೆತೊ ಕೆಣಕಿದ್ದ.

"ಕಲೀತಾ ಇದಾನೆ," ಎಂದಿದ್ದ ಪೆಲೆನಾತೊ. "ತಗಡಿನ ಕೋಣೆ ಸಾಲಲಿಲ್ಲ ಅಂತ ಕಾಣುತ್ತೆ, ಮರದ ನೆರಳೂ ಬೇಕಂತೆ."

ಮಾತು ತಮಾಷೆಯಾಗಿ ಹೊರಟಿತ್ತು, ಒಳಗೆ ಮಾತ್ರ ಕೆಂಡ. ಅವನ ಅನುಮಾನ ಸುಳ್ಳೂ ಆಗಲಿಲ್ಲ. ಹೆಸರುಗಳ ದಾಖಲೆ ಮುಗಿಯುತ್ತ ಬಂದ ಹಾಗೆ ಊರಿನಲ್ಲಿ ಒಂದು ಮಾತು ಎದ್ದಿತು. ಬಾಯಿಗಳ ಲೆಕ್ಕ ಯಂತ್ರದಲ್ಲೇ ಇರುವಾಗ ಮೀನಿಗೆ ಬೇರೆ ಲೆಕ್ಕ ಯಾಕೆ, ಅದನ್ನೂ ಅಲ್ಲಿಂದಲೇ ಓದಿ ಹೇಳಬಹುದಲ್ಲ ಎಂದು. ಸೋಮವಾರದ ಸಭೆಯಲ್ಲಿ ಇದನ್ನು ತೀರ್ಮಾನ ಮಾಡುತ್ತೇವೆ ಎಂದು ಪೆತೆಲೊ ಸಾರಿಸಿದ. ಅಂದರೆ ಸೋಮವಾರದ ತನಕ ಮಾತ್ರ ಪೆಲೆನಾತೊ ಪಾಲು ಕೂಗುವವನು. ಆಮೇಲೆ ಅವನೂ ಬುಟ್ಟಿ ಹಿಡಿದು ಕೂರುವ ಒಬ್ಬ ಮುದುಕ.

ಮಂಗಳವಾರ ಇಂಟರ್ನೆಟ್ಟಿನ ಮೊದಲ ಪಾಲು. ತಗಡಿನ ಕೋಣೆಯ ಮುಂದೆ ಊರೇ ನೆರೆಯಿತು. ಪೆಲೆನಾತೊ ಹತ್ತಿರ ಹೋಗಲಿಲ್ಲ. ದೂರದಲ್ಲಿ ದೀವಿಹಲಸಿನ ಮರದ ಕೆಳಗೆ, ಯಾರನ್ನೋ ಕಾಯುವವನ ಹಾಗೆ ನಿಂತ. ಇನೆಲಿಯೊ ಮೇಜಿನ ಹಿಂದೆ ಎದ್ದು ನಿಂತು, ಪೆತೆಲೊನ ಅಪ್ಪಣೆ ಪಡೆದು, "ನಮ್ಮ ಊರಿನ ಬಾಯಿ ಒಟ್ಟು ಮುನ್ನೂರ ಎಪ್ಪತ್ತು" ಎಂದು ಓದಿದ.

ಪೆಲೆನಾತೊನ ಕಿವಿ ನೆಟ್ಟಗಾಯಿತು. ಎಪ್ಪತ್ತು. ಎಪ್ಪತ್ತೊಂದಲ್ಲ.

ಒಂದು ಬಾಯಿ ಬಿಟ್ಟುಹೋಗಿದೆ. ಆರು ವಾರ ಕಲಿತವನು, ಹನ್ನೊಂದು ಸಲ ಗೀಚಿಕೊಂಡವನು, ತಣ್ಣನೆ ಕೋಣೆಯವನು ಒಂದು ಬಾಯಿಯನ್ನು ಮರೆತಿದ್ದಾನೆ. ಪೆಲೆನಾತೊನಿಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ, ಗಂಭೀರವಾಗಿ ಮನೆಗೆ ಬಂದು ಕೇದಗೆ ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ, ದಕ್ಷಿಣದ ತುದಿಯ ಮನೆಯಿಂದ ಬಾಯಿಗಳನ್ನು ಎಣಿಸುತ್ತ ಬಂದ. ಯಾರು ಬಿಟ್ಟುಹೋಗಿರಬಹುದು? ಹೋದ ತಿಂಗಳು ಹುಟ್ಟಿದ ಅವಳಿಯಲ್ಲಿ ಒಂದೇ? ಪಕ್ಕದ ದ್ವೀಪದಿಂದ ಬಂದ ಹೊಸ ಸೊಸೆಯೇ? ಲೊಹಾಳ ಮನೆಯ ಕಿವುಡ ತಮ್ಮನೇ? ಯಾರಾದರೂ ಆಗಲಿ, ಸೋಮವಾರ ಆ ಹೆಸರನ್ನು ಸಭೆಯ ನಡುವೆ ಇಟ್ಟು ಕೇಳುತ್ತೇನೆ: ಮನುಷ್ಯನನ್ನು ಮರೆಯುವ ಯಂತ್ರಕ್ಕೆ ಮೀನು ಕೊಡುತ್ತೀರಾ?

ಅವನ ಎಣಿಕೆ ಇನ್ನೂ ಚರ್ಚಿನ ಪಕ್ಕದ ಮನೆಗಳಲ್ಲಿ ಇರುವಾಗ ಹೆಂಡತಿ ಅಕೆನೆಹೆ ಒಳಗೆ ಬಂದಳು. ಸೆರಗಿನ ಗಂಟಿನಂತೆ ಕೈಯಲ್ಲಿ ಮುದುರಿ ಹಿಡಿದಿದ್ದ ಇಂಟರ್ನೆಟ್ ಪಾಲಿನ ಚೀಟಿಗಳನ್ನು ಚಾಪೆಯ ಮೇಲೆ ಹರಡಿದಳು.

"ಇದು ಅಮ್ಮಂದು, ಇದು ನಂದು. ಮಗಳು, ಅಳಿಯ, ಮೊಮ್ಮಕ್ಕಳು ಎರಡು. ಆರು."

"ನಂದು?"

"ಅದನ್ನೇ ನಾನೂ ಕೇಳ್ದೆ. ಇನೆಲಿಯೊ ಯಂತ್ರದಲ್ಲಿ ಹುಡುಕಿದ. ಹುಡುಕಿ, ಆ ತಣ್ಣನೆ ಕೋಣೇಲಿ ಬೆವರಿದ ಕಣಯ್ಯ. 'ಅಕೆನೆಹೆ, ಇದರಲ್ಲಿ ನಿನ್ನನ್ನ ವಿಧವೆ ಅಂತ ತೋರಿಸ್ತಾ ಇದೆ' ಅಂದ."

"ಏನಂದ?"

"ವಿಧವೆ. ಸರ್ಕಾರದ ಲೆಕ್ಕದಲ್ಲಿ ನೀನು ಹೋಗ್ಬಿಟ್ಟಿದೀಯ. ಮೊದ್ಲೇ ಗೊತ್ತಿದ್ರೆ ಕರಿ ಬಟ್ಟೆನಾದ್ರೂ ಹೊಲಿಸ್ಕೋತಿದ್ದೆ." ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಹೊರಗಡೆ ಎಲ್ರೂ ಕೇಳಿಸ್ಕೊಂಡ್ರು. ಹೆತೊ ಟೋಪಿ ತೆಗೆದು ಎದೆ ಮೇಲೆ ಇಟ್ಕೊಂಡು, ಒಳ್ಳೆ ಮನುಷ್ಯ ಪಾಪ ಅಂದ."

ಪೆಲೆನಾತೊ ನಗಲಿಲ್ಲ. ಬಿಟ್ಟುಹೋದ ಬಾಯಿ ಯಾರದೆಂದು ಅವನಿಗೆ ಈಗ ತಿಳಿದಿತ್ತು.

"ನಿನ್ನನ್ನೇ ಕಳಿಸು ಅಂದ," ಅಕೆನೆಹೆ ಹೇಳಿದಳು. "ಏನೋ ಮಾತಾಡ್ಬೇಕಂತೆ. ಹೋಗಿ ಬಾ, ಸರಿ ಮಾಡ್ಕೊಡ್ತಾನೆ."

"ಅವನ ಮುಂದೆ ಹೋಗಿ ನಿಂತ್ಕೊಂಡು, ಸ್ವಾಮಿ, ನಾನು ಬದುಕಿದೀನಿ ಅಂತ ಅರ್ಜಿ ಹಾಕ್ಬೇಕಾ?"

"ಬದುಕಿರೋದು ನಿಜ ತಾನೆ?"

"ಮರೆತು ಬಿಟ್ಟಿದ್ದಲ್ಲ ಅದು. ಬೇಕು ಅಂತ ಬಿಟ್ಟಿದ್ದು." ಅವನ ದನಿ ತಗ್ಗಿತು. "ನನ್ನನ್ನ ಸಾಯಿಸಿ, ನಿನ್ನ ವಿಧವೆ ಮಾಡಿದಾನೆ. ಅವನು ಒಬ್ಬಂಟಿ. ನಿಂಗೆ ಅರ್ಥ ಆಗಲ್ವಾ?"

ಮೂವತ್ತೊಂದು ವರ್ಷದ ಹಿಂದೆ, ಅಕೆನೆಹೆಯ ತಂದೆಯ ಮನೆಯ ಹೊಸಿಲಿಗೆ ಇನೆಲಿಯೊ ಮೂರು ಶನಿವಾರ ತೆಂಗಿನ ಏಡಿಗಳನ್ನು ಕಟ್ಟಿ ತಂದಿಟ್ಟಿದ್ದ. ನಾಲ್ಕನೆಯ ಶನಿವಾರ ಅವಳು ಪೆಲೆನಾತೊನಿಗೆ ಒಪ್ಪಿಗೆ ಹೇಳಿದಳು. ಊರು ಅದನ್ನು ಎಂದೋ ಮರೆತಿತ್ತು. ಇನೆಲಿಯೊ ಬೇರೆ ಮದುವೆಯಾಗಿ, ಆ ಹೆಂಡತಿಯನ್ನು ಮಣ್ಣಿಗಿಟ್ಟು ಅತ್ತಿದ್ದ. ಪೆಲೆನಾತೊ ಒಬ್ಬನೇ ಆ ಏಡಿಗಳನ್ನು ಎಣಿಸಿ ಇಟ್ಟುಕೊಂಡಿದ್ದ.

ಅಕೆನೆಹೆ ಚಾಪೆಯ ಕಡೆ ಬಗ್ಗಿದಳು. "ಮೂವತ್ತು ವರ್ಷದ ಹಿಂದಿನ ಏಡಿ ಇನ್ನೂ ನಿನ್ನ ಹೊಟ್ಟೇಲಿ ಕಚ್ತಾ ಇದ್ಯಾ? ಅದನ್ನ ತಿಂದಿದ್ದು ನಮ್ಮಪ್ಪ ಕಣೋ, ನಾನಲ್ಲ." ಚೀಟಿಗಳನ್ನು ಆಯ್ದುಕೊಂಡು ಅವಳು ಒಲೆಯ ಕಡೆ ಹೋದಳು.

ಅವನು ಇನೆಲಿಯೊನ ಬಳಿಗೆ ಹೋಗಲಿಲ್ಲ. ಬುಧವಾರ ದಾರಿಯಲ್ಲಿ ಇನೆಲಿಯೊನೇ ಎದುರು ಬಂದು, "ಪೆಲೆನಾತೊ, ಒಂದು ನಿಮಿಷ" ಎಂದಾಗಲೂ, ಕೇಳಿಸದವನಂತೆ ಹಂದಿಗಳ ಕಡೆ ತಿರುಗಿ ನಡೆದ. ಊರಿನವರು ಮಾತ್ರ ಸುಮ್ಮನಿರಲಿಲ್ಲ. "ಪೆಲೆನಾತೊನ ದೆವ್ವ ಹಗಲಲ್ಲೇ ಓಡಾಡ್ತಿದೆ ನೋಡ್ರಪ್ಪ," ಎಂದು ಒಬ್ಬ. "ದೆವ್ವಕ್ಕೆ ಪಾಲು ಕೊಡ್ಬೇಕಾ ಅಂತ ಸೋಮವಾರ ತೀರ್ಮಾನ ಆಗುತ್ತಂತೆ," ಎಂದು ಇನ್ನೊಬ್ಬ. ಪ್ರತಿ ನಗುವಿನ ಹಿಂದೆಯೂ ಅವನಿಗೆ ಇನೆಲಿಯೊನ ದನಿಯೇ ಕೇಳಿಸುತ್ತಿತ್ತು. ಅವನಿಗೆ ಒಂದೇ ಸಮಾಧಾನವಿತ್ತು: ಸೋಮವಾರ ಈ ನಗುವೆಲ್ಲ ತಿರುಗಿ ಬೀಳುತ್ತದೆ. ಬಿಟ್ಟುಹೋದದ್ದು ಎದುರಿಗೆ ನಿಂತಿರುವ ಮನುಷ್ಯ. ಇದಕ್ಕಿಂತ ದೊಡ್ಡ ಸಾಕ್ಷಿ ಸಭೆಗೆ ಬೇಕೇ?

ಗುರುವಾರ ದೋಣಿಗಳು ತುಂಬಿ ಬಂದವು. ಕೇದರ ಮೀನಿನ ಹಿಂಡೇ ಸಿಕ್ಕಿತ್ತು. ಬಾಯಿಗೊಂದು ಧಾರಾಳವಾಗಿ ಬರುವಷ್ಟು. ಪೆಲೆನಾತೊ ಶಿಲುಬೆಯ ಗುರುತು ಹಾಕಿಕೊಂಡು ರಾಶಿ ನೋಡಿದ. ಎಲ್ಲ ಒಂದೇ ಅಳತೆಯವು, ನೀಲಿ ಬೆನ್ನು, ಬೆಳ್ಳಿ ಹೊಟ್ಟೆ. ಒಂದು ಮಾತ್ರ ಹೊಟ್ಟೆ ಹರಿದದ್ದು. ಗಾಳದಲ್ಲಿರುವಾಗಲೇ ಶಾರ್ಕು ಕಚ್ಚಿ ಅರ್ಧ ಮಾಂಸ ಕಿತ್ತಿತ್ತು. ಅಂಥದ್ದು ಬಂದರೆ ಪೆಲೆನಾತೊ ಯಾರ ಕಣ್ಣಿಗೂ ಬೀಳದಂತೆ ಪಕ್ಕಕ್ಕೆ ಸರಿಸಿ ತಾನೇ ಒಯ್ಯುವುದು ವಾಡಿಕೆ. ಅಂದೂ ಸರಿಸಿದ. ಕೂಗು ಶುರುವಾಯಿತು. ಮನೆಗಳು ಬಂದವು, ಹೋದವು. ಬೇರಿನ ಮೇಲೆ ಇನೆಲಿಯೊ ಕೂತಿದ್ದ. ಅಂದು ಕೈಯಲ್ಲಿ ನೋಟುಬುಕ್ಕು ಇರಲಿಲ್ಲ.

"ಇನೆಲಿಯೊ, ಒಂದು."

ಒಬ್ಬಂಟಿಯ ಮನೆಗೆ ಒಂದೇ ಮೀನು. ಅದನ್ನು ಇಡಲು ಬಗ್ಗಿದ ಪೆಲೆನಾತೊನ ಕೈ ರಾಶಿಯ ಕಡೆ ಹೋಗಲಿಲ್ಲ. ಪಕ್ಕಕ್ಕೆ ಸರಿಸಿದ್ದರ ಕಡೆ ಹೋಯಿತು. ಹರಿದ ಹೊಟ್ಟೆಯನ್ನು ಮರಳಿನ ಕಡೆಗೆ ಮಾಡಿ, ಚೆಂದದ ನೀಲಿ ಬೆನ್ನು ಮೇಲೆ ಕಾಣುವ ಹಾಗೆ ಅದನ್ನು ಇಟ್ಟ. ಇಪ್ಪತ್ತೆರಡು ವರ್ಷದಲ್ಲಿ ಆ ಕೈ ಹಾಗೆ ಮಾಡಿರಲಿಲ್ಲ. ಮಾಡಿದ್ದು ತಾನಲ್ಲ, ಕೈ ಎಂಬಂತೆ ಅವನು ಅದನ್ನೇ ನೋಡಿದ.

ಇನೆಲಿಯೊ ಬಂದು ಬಾಲ ಹಿಡಿದು ಮೀನು ಎತ್ತಿದ. ಹರಿದ ಕಡೆ ಗಾಳಿಗೆ ತಿರುಗಿ ಕಂಡಿತು. ಅವನು ಒಂದು ಗಳಿಗೆ ಪೆಲೆನಾತೊನ ಮುಖ ನೋಡಿದ. ಆಮೇಲೆ ಹರಿದ ಕಡೆಯನ್ನು ತನ್ನ ಕಾಲಿನ ಕಡೆಗೆ ಮರೆ ಮಾಡಿ, ಯಾರಿಗೂ ಕಾಣದ ಹಾಗೆ, ಹೊರಟು ಹೋದ.

ಅಂದು ಪೆಲೆನಾತೊನಿಗೆ ಉಳಿದದ್ದು ಒಳ್ಳೆಯ ಮೀನು. ಅಕೆನೆಹೆ ಅದನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದಳು. ಅವನು ಹಸಿವಿಲ್ಲ ಎಂದ.

ಭಾನುವಾರ ಪೂಜೆಗೆ ಹೋದ. ಮೊಣಕಾಲೂರಿದ. ಜಪಸರದ ಮಣಿಗಳು ಬೆರಳಿನಲ್ಲಿ ಸರಿಯುತ್ತಿದ್ದವು, ಮಾತು ಸರಿಯುತ್ತಿರಲಿಲ್ಲ. ತನ್ನ ಸಿಟ್ಟು ನ್ಯಾಯದ ಸಿಟ್ಟು ಎಂದು ದೇವರಿಗೆ ಒಪ್ಪಿಸಲು ನೋಡಿದ. ಅವನು ನನ್ನ ಹೆಸರು ಅಳಿಸಿದ, ನಾನು ಒಂದು ಹರಿದ ಮೀನು ಕೊಟ್ಟೆ, ಯಾವುದು ಹೆಚ್ಚು? ಎದುರು ಸಾಲಿನಲ್ಲಿ ಇನೆಲಿಯೊನ ಬೆನ್ನು, ತೊಳೆದು ತೊಳೆದು ತೆಳ್ಳಗಾದ ಬಿಳಿ ಅಂಗಿ, ಕಾಲರಿನ ಹೊಲಿಗೆ ಬಿಟ್ಟಿದೆ. ಹೊಲಿದು ಕೊಡುವವರಿಲ್ಲ. ಪೆಲೆನಾತೊ ತನ್ನ ಕಾಲರನ್ನು ಮುಟ್ಟಿ ನೋಡಿಕೊಂಡ; ಅದು ಗಟ್ಟಿಯಾಗಿತ್ತು. ದೇವರು ಸಾಮಾನ್ಯವಾಗಿ ನಮಗೇ ಎಣಿಸಲು ಬಿಟ್ಟು ಸುಮ್ಮನೆ ಕೂರುತ್ತಾನೆ.

ಸೋಮವಾರ ಸಭಾಮನೆ ತುಂಬಿತ್ತು. ಕಂಬಗಳಿಗೆ ಒರಗಿ ಹಿರಿಯರು, ಅಂಚಿನಲ್ಲಿ ಹೆಂಗಸರು. ಪೆತೆಲೊ ಪ್ರಾರ್ಥನೆ ಹೇಳಿ, ಮೀನಿನ ಲೆಕ್ಕ ಯಂತ್ರಕ್ಕೆ ಹೋಗಬೇಕೋ ಬೇಡವೋ ಎಂಬುದು ಇಂದಿನ ಮಾತು, ಹೇಳುವುದಿದ್ದವರು ಹೇಳಿ ಎಂದ. ಪೆಲೆನಾತೊ ಎದ್ದ. ಆರು ದಿನದಿಂದ ಮಸೆದ ಮಾತು ಅದು.

"ನಾನು ಹೆಚ್ಚು ಹೇಳಲ್ಲ. ಈ ದಾಖಲೆ ಊರಲ್ಲಿ ಮುನ್ನೂರ ಎಪ್ಪತ್ತು ಬಾಯಿ ಅನ್ನುತ್ತೆ. ನಾನು ಮುನ್ನೂರ ಎಪ್ಪತ್ತೊಂದು ಅಂತೀನಿ. ಆ ಒಂದು ಬಾಯಿ ಈಗ ನಿಮ್ಮ ಮುಂದೆ ಮಾತಾಡ್ತಾ ಇದೆ. ಬದುಕಿರೋನ್ನ ಕಾಣದ ಕಣ್ಣಿಗೆ, ಬದುಕಿರೋನ ಹೆಂಡತೀನ ವಿಧವೆ ಮಾಡೋ ಕೈಗೆ, ಊರಿನ ಮೀನು ಒಪ್ಪಿಸ್ತೀರಾ? ಒಪ್ಪಿಸೋದಾದ್ರೆ ಒಪ್ಪಿಸಿ."

ಸಭೆ ಗುಜುಗುಟ್ಟಿತು. ಯಾರೂ ನಗಲಿಲ್ಲ. ಪೆಲೆನಾತೊ ಕೂತ. ಪೆತೆಲೊ ಇನೆಲಿಯೊನ ಕಡೆ ನೋಡಿದ. "ಏನಪ್ಪ, ಉತ್ತರ ಇದ್ಯಾ?"

ಇನೆಲಿಯೊ ನಿಧಾನವಾಗಿ ಎದ್ದು, ಆ ಹಳೆಯ ನೋಟುಬುಕ್ಕನ್ನು ತೆಗೆದ.

"ಇನಾತಿ ಥರಾನೇ ಆಗ್ಬೇಕು ಅಂತ ಸಭೆ ಹೇಳ್ತು. ಮನೆ ಮನೆಗೆ ಹೋಗಿ ಕೇಳಿದ್ರೆ ಒಬ್ರು ಹೆಚ್ಚು ಹೇಳ್ತಾರೆ, ಒಬ್ರು ಮರೀತಾರೆ. ಊರಲ್ಲಿ ತಪ್ಪದ ಲೆಕ್ಕ ಒಂದೇ ಇರೋದು, ಅದು ಪೆಲೆನಾತೊನ ಬಾಯಿ. ಅದಕ್ಕೇ ಹನ್ನೊಂದು ಸಲ ಕೂತು ಬರ್ಕೊಂಡೆ. ಒಂದು ಸಲಾನೂ ವ್ಯತ್ಯಾಸ ಬರಲಿಲ್ಲ." ಅವನು ಹಾಳೆ ತಿರುವಿ ಓದಿದ. "ಅಕೆನೆಹೆಯ ಮನೆ, ಆರು. ಅಕೆನೆಹೆಯ ಮನೆ, ಆರು. ಹನ್ನೊಂದು ಸಲಾನೂ ಆರೇ. ಅಕೆನೆಹೆಯಿಂದ ಶುರು ಮಾಡಿ ಹೆಸರು ತುಂಬಿದೆ, ಆರಕ್ಕೆ ಲೆಕ್ಕ ಮುಗೀತು. ಅವನು ತನ್ನ ಹೆಸರು ಯಾವತ್ತೂ ಕೂಗಲ್ಲ. ಗಂಡನ ಖಾನೆ ಖಾಲಿ ಇದ್ರೆ ಯಂತ್ರ ತಾನಾಗೇ ವಿಧವೆ ಅಂತ ತಗೊಳ್ಳುತ್ತೆ."

"ನಿಂಗಾದ್ರೂ ಹೊಳೀಲಿಲ್ವಾ?" ಪೆತೆಲೊ ಕೇಳಿದ.

"ಬರೀವಾಗ ಅವನು ಎದುರಿಗೇ ನಿಂತಿರ್ತಿದ್ದ. ಎದುರಿಗೆ ನಿಂತೋನು ಪಟ್ಟೀಲಿ ಇಲ್ಲ ಅಂತ ಹೇಗೆ ಹೊಳೆಯುತ್ತೆ? ತಪ್ಪು ನಂದೇ. ಹೇಳೋಣ ಅಂತ ಕರೆದೆ, ಅವನು ನಿಲ್ಲಲಿಲ್ಲ. ನನ್ನ ಕೈಯಲ್ಲಿರೋ ದಾಖಲೆ ಅವನ ದನಿ, ಅಷ್ಟೆ. ಅವನು ಬಿಟ್ಟದ್ದು ಅದರಲ್ಲೂ ಬಿಟ್ಟಿದೆ."

ಅಂಚಿನಲ್ಲಿ ಕೂತಿದ್ದ ಮುದುಕಿ ಲೊಹಾ ಗಟ್ಟಿಯಾಗಿಯೇ, "ಇಪ್ಪತ್ತೆರಡು ವರ್ಷ ಇವನ ಹೆಸರು ಯಾರೂ ಕೂಗೇ ಇಲ್ಲ ಅಂತ ನಮಗೂ ಹೊಳೀಲಿಲ್ವಲ್ಲೇ," ಎಂದು ಪಕ್ಕದವಳಿಗೆ ಹೇಳಿದಳು.

ಪೆತೆಲೊ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಯಂತ್ರವೇ ಪೆಲೆನಾತೊನ ಬಾಯಿಂದ ಕಲಿತಿದೆ ಎಂದ ಮೇಲೆ, ಮೀನಿಗೆ ಆ ಬಾಯಿಯೇ ಸಾಕು. ಇಂಟರ್ನೆಟ್ಟಿನ ಪಾಲು ದಾಖಲೆಯಿಂದ, ಮೀನಿನ ಪಾಲು ಪೆಲೆನಾತೊನಿಂದ, ಮೊದಲಿನ ಹಾಗೆಯೇ ಎಂದ. ಹಿರಿಯರು ತಲೆದೂಗಿದರು. ಹೆತೊ ಹಿಂದಿನಿಂದ ಪೆಲೆನಾತೊನ ಬೆನ್ನು ತಟ್ಟಿದ.

ಗೆದ್ದಿದ್ದ. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಆದರೆ ಪೆಲೆನಾತೊ ನೋಡುತ್ತಿದ್ದದ್ದು ಇನೆಲಿಯೊನ ಕಡೆ. ಅವನು ನೋಟುಬುಕ್ಕನ್ನು ಮಡಿಸಿ, ಮಂಡಿಯ ಮೇಲಿಟ್ಟುಕೊಂಡು, ನೆಲ ನೋಡುತ್ತಿದ್ದ. ಗುರುವಾರದ ಮಾತು ಅವನ ಬಾಯಿಂದ ಬರಬಹುದಿತ್ತು. ಈಗ, ಇಲ್ಲಿ, ಒಂದೇ ವಾಕ್ಯ ಸಾಕಿತ್ತು. ಬರಲಿಲ್ಲ. ಅದು ಪೆಲೆನಾತೊನನ್ನು ಮತ್ತೆ ಸುಟ್ಟಿತು, ಇದು ಬೇರೆ ಉರಿ: ಅವನು ನನಗಿಂತ ಒಳ್ಳೆಯವನಾಗಿಬಿಟ್ಟನಲ್ಲ ಎಂಬ ಹೊಟ್ಟೆಕಿಚ್ಚು. ಏಡಿಗಳಿಗಿಂತ, ಬೀಗದ ಕೈಗಿಂತ ಇದು ಹೆಚ್ಚು ಕಚ್ಚಿತು. ತಾನೂ ಸುಮ್ಮನೆ ಕೂತರೆ ಜೀವನವಿಡೀ ಆ ಮೌನವನ್ನು ಅವನಿಂದ ಪಾಲಾಗಿ ಪಡೆದಂತೆ.

ಅವನು ಎದ್ದು ನಿಂತದ್ದು ಅವನಿಗೇ ಆಮೇಲೆ ತಿಳಿಯಿತು.

"ಪೆತೆಲೊ, ತೀರ್ಮಾನ ವಾಪಸ್ ತಗೋ."

"ಯಾಕಪ್ಪ, ಇನ್ನೇನು ಬೇಕು ನಿಂಗೆ?"

"ಬಾಯಿ ತಪ್ಪಿಲ್ಲ. ಕೈ ತಪ್ಪಿದೆ. ಗುರುವಾರ ಶಾರ್ಕು ಕಚ್ಚಿದ ಮೀನು ಇನೆಲಿಯೊಗೆ ಇಟ್ಟೆ. ಬೇಕು ಅಂತಲೇ ಇಟ್ಟೆ. ಹರಿದಿದ್ದು ಕಾಣದ ಹಾಗೆ ಮಗ್ಗುಲು ತಿರುಗಿಸಿ ಇಟ್ಟೆ."

ಪೆತೆಲೊ ಇನೆಲಿಯೊನ ಕಡೆ ತಿರುಗಿದ. "ಹೌದಾ?"

"ಒಂದು ಮೀನು," ಎಂದ ಇನೆಲಿಯೊ. "ಅರ್ಧ ಇತ್ತು. ನಾನು ಒಬ್ನೇ, ಅರ್ಧ ಸಾಕಾಯ್ತು."

"ಸಾಕಾಯ್ತೋ ಇಲ್ವೋ ಅನ್ನೋದಲ್ಲ," ಎಂದ ಪೆಲೆನಾತೊ. "ಕಣ್ಣು ಮುಚ್ಚಿ ನನ್ನ ಕೈಯಿಂದ ತಗೋತಿದ್ರು ಎಲ್ರೂ. ಇನ್ಮೇಲೆ ತಿರುಗಿಸಿ ನೋಡ್ಬೇಕಾಗುತ್ತೆ."

ಅಂಚಿನಲ್ಲಿ ಅಕೆನೆಹೆ ಕೂತಿದ್ದಳು. ಅವಳು ತಲೆ ತಗ್ಗಿಸಲಿಲ್ಲ; ಗಂಡನನ್ನೇ ನೋಡುತ್ತಿದ್ದಳು. ಆರು ದಿನದಿಂದ ಅವನು ಬಯಸಿದ್ದ ನೋಟ ಅದು. ಬಂದದ್ದು ಹೀಗೆ.

ಹಿರಿಯರು ತಲೆ ಸೇರಿಸಿ ಮಾತಾಡಿಕೊಂಡರು. ಸುಳ್ಳು ಪಾಲು ಇಟ್ಟವನು ಪಾಲು ಇಡುವಂತಿಲ್ಲ, ಇದೂ ಅಜ್ಜಂದಿರದೇ ಕಟ್ಟು. ತಾನೇ ಹೇಳಿಕೊಂಡವನಿಗೆ ಈ ತಡೆ ಕ್ರಿಸ್ಮಸ್ಸಿನ ತನಕ ಮಾತ್ರ. ಅಲ್ಲಿಯವರೆಗೆ ಇನೆಲಿಯೊ ಇಡಲಿ, ಕೂಗಲಿ. ಆಮೇಲೆ ಮತ್ತೆ ಸಭೆ ಕೂತು ನೋಡುತ್ತದೆ. ಇನೆಲಿಯೊ ಗಾಬರಿಯಾಗಿ, ನನಗೆ ಓದಲು ಬರುತ್ತದೆ, ಕೂಗಲು ಬರುವುದಿಲ್ಲ ಎಂದ. ಪೆತೆಲೊ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ದೋಣಿಗಳು ಬಂದವು. ಪೆಲೆನಾತೊ ಬುಟ್ಟಿ ಹಿಡಿದು ಹೆಂಗಸರ ನಡುವೆ, ಲೊಹಾಳ ಪಕ್ಕದಲ್ಲಿ ಕೂತ. ಅಲ್ಲಿಂದ ಕನವಾ ಮರ ಬೇರೆಯಾಗಿ ಕಾಣುತ್ತಿತ್ತು, ಎತ್ತರವಾಗಿ. ಇನೆಲಿಯೊ ಹಾಳೆ ಹಿಡಿದು ನಿಂತು ಒಂದೇ ಉಸಿರಿಗೆ ನಾಲ್ಕು ಮನೆ ಓದಿಬಿಟ್ಟ. ಮೂವರು ಒಟ್ಟಿಗೆ ಎದ್ದು ಡಿಕ್ಕಿ ಹೊಡೆದುಕೊಂಡರು. ಕಿವಿ ಮಂದವಾದವರು ಕೂತಲ್ಲೇ "ಯಾರದು, ಯಾರದು" ಎಂದರು. ಮೀನಿನ ಮೇಲೆ ನೊಣ ಕೂರತೊಡಗಿತು. ಇನೆಲಿಯೊ ಹಾಳೆ ತಿರುವಿ, ಮತ್ತೆ ಮೊದಲಿನಿಂದ ಓದತೊಡಗಿದ.

ಪೆಲೆನಾತೊನಿಗೆ ಮೊದಲು ಸಂತೋಷವೇ ಆಯಿತು. ಸುಳ್ಳು ಹೇಳಬಾರದು, ಒಳ್ಳೆ ಬೆಲ್ಲ ಚೀಪಿದಷ್ಟು ಸಂತೋಷ. ಅವನು ಅದನ್ನು ಬಾಯಲ್ಲಿಟ್ಟುಕೊಂಡೇ ಸ್ವಲ್ಪ ಹೊತ್ತು ಕೂತ. ಪಕ್ಕದಲ್ಲಿ ಲೊಹಾ ಬುಟ್ಟಿ ಎತ್ತುವುದೋ ಬೇಡವೋ ತಿಳಿಯದೆ ಅರ್ಧ ಎದ್ದು, ಸೊಂಟ ಹಿಡಿದುಕೊಂಡು, ಮತ್ತೆ ಕೂತಳು.

"ಹಾಳೆ ಕೆಳಗಿಡು ಮಾರಾಯ," ಎಂದು ಪೆಲೆನಾತೊ ಕೂತಲ್ಲಿಂದಲೇ ಹೇಳಿದ. ದನಿ ಒರಟಾಗಿತ್ತು. "ಒಂದು ಮನೆ ಕೂಗು. ಕೂಗಿ, ಆ ಮನೆಯೋರು ಎದ್ದು ಬಂದು ಬಗ್ಗೋ ತನಕ ಮುಂದಿನ ಹೆಸರು ಬಾಯಲ್ಲಿ ಇಟ್ಕೊಂಡಿರು. ಮೀನು ಎಲ್ಲೂ ಓಡಿ ಹೋಗಲ್ಲ."

ಇನೆಲಿಯೊ ಹಾಳೆಯನ್ನು ಜೇಬಿಗೆ ತುರುಕಿ, ಅವನ ಕಡೆ ನೋಡಿ, ತಲೆಯಾಡಿಸಿದ.

"ಲೊಹಾಳ ಮನೆ," ಎಂದು ಕೂಗಿ, ಕಾದ.

ಮುದುಕಿ ಪೆಲೆನಾತೊನ ಹೆಗಲ ಮೇಲೆ ಕೈಯೂರಿ ಎದ್ದಳು.